ಕಲಾ ಅನುದಾನ: ಸಾಮಗ್ರಿ ಮೊದಲೋ, ಶಿಕ್ಷಕರ ತರಬೇತಿ ಮೊದಲೋ?

ಪ್ರಶ್ನೆ: ನಾನು ಶಾಲಾ ಸಮಿತಿಯೊಂದರ ಸದಸ್ಯೆ. ಕಲಾ ಶಿಕ್ಷಣಕ್ಕೆ ಬಂದ ಸರ್ಕಾರಿ ಅನುದಾನದಲ್ಲಿ ವಾದ್ಯ, ಬಣ್ಣಗಳನ್ನು ಕೊಳ್ಳಬೇಕೆಂದು ಕೆಲವರೂ ಶಿಕ್ಷಕರಿಗೆ ತರಬೇತಿ ಕೊಡಿಸಬೇಕೆಂದು ಕೆಲವರೂ ಪಟ್ಟು ಹಿಡಿದಿದ್ದಾರೆ. ಯಾವುದು ಸರಿ?

ಉತ್ತರ: ತರಬೇತಿಯೇ ಮೊದಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಮಗ್ರಿಗೆ ರಸೀದಿ ಸಿಗುತ್ತದೆ, ಲೆಕ್ಕ ಒಪ್ಪಿಸುವುದು ಸುಲಭ, ಹಣವೂ ಗಡುವಿನೊಳಗೆ ಖರ್ಚಾಗುತ್ತದೆ. ಸಮಿತಿಗಳು ಅತ್ತ ವಾಲುವುದು ಇದೇ ಕಾರಣಕ್ಕೆ. ಆದರೆ ಕಲಿಸಬಲ್ಲವರಿಲ್ಲದ ಶಾಲೆಯಲ್ಲಿ ವಾದ್ಯಗಳು ಬೀರು ಸೇರಿ ದೂಳು ಹಿಡಿಯುತ್ತವೆ.

ಒಂದು ಚಿತ್ರಕಲಾ ತರಗತಿಯನ್ನು ಕಲ್ಪಿಸಿಕೊಳ್ಳಿ. ತರಬೇತಿಯಿಲ್ಲದ ಶಿಕ್ಷಕರು ಕಪ್ಪುಹಲಗೆಯ ಮೇಲೆ ಮರವೊಂದನ್ನು ಬರೆದರೆ, ನಲವತ್ತು ಮಕ್ಕಳ ಪುಸ್ತಕದಲ್ಲಿ ಅದೇ ಮರ, ಅದೇ ಕಂದು ಕಾಂಡ, ಅದೇ ಹಸಿರು ಗುಂಡು ಮೂಡುತ್ತದೆ. ತರಬೇತಿ ಪಡೆದವರು ಮಕ್ಕಳನ್ನು ಹೊರಗೆ ಕರೆದೊಯ್ದು, ತೊಗಟೆಯ ಮೇಲೆ ಕೈಯಾಡಿಸಲು ಹೇಳಿ, ನೆರಳು ಯಾವ ಕಡೆ ಬಿದ್ದಿದೆ, ಎಲೆಗಳ ನಡುವೆ ಕಾಣುವ ಆಕಾಶದ ಆಕಾರ ಹೇಗಿದೆ ಎಂದು ಕೇಳುತ್ತಾರೆ. ಎರಡನೆಯ ತರಗತಿಗೆ ಬೇಕಾಗುವುದು ಪೆನ್ಸಿಲು, ಹಾಳೆ ಮಾತ್ರ. ಆದರೆ ಹಾಗೆ ಕೇಳಲು ಕಲಿತಿರುವ ಒಬ್ಬ ಶಿಕ್ಷಕರಿರಬೇಕು.

ಹಣವನ್ನು ಹಂಚುವ ಬಗೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರು 2022ರಲ್ಲಿ ಒಪ್ಪಿದ, ಶಾಲೆಗಳ ಕಲೆ ಮತ್ತು ಸಂಗೀತ ಶಿಕ್ಷಣಕ್ಕೆ ನಿಧಿ ಮೀಸಲಿಡುವ 28ನೇ ಪ್ರಸ್ತಾವವನ್ನು ಗಮನಿಸಬಹುದು. ಅದರ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಾಲಾಡಳಿತಗಳು ಈ ನಿಧಿಯ ಕನಿಷ್ಠ ಶೇ 80ರಷ್ಟನ್ನು ಕಲೆ ಕಲಿಸುವ ಸಿಬ್ಬಂದಿಗೆ ಬಳಸಬೇಕು. ಆಡಳಿತ ವೆಚ್ಚ ಶೇ 1ನ್ನು ಮೀರುವಂತಿಲ್ಲ. ತರಬೇತಿ, ಸಾಮಗ್ರಿ ಮುಂತಾದವು ಉಳಿದ ಪಾಲಿನಲ್ಲಿ ನಡೆಯಬೇಕು. ಇದಕ್ಕಿಂತಲೂ ಮುಖ್ಯವೆಂದು ನನಗೆ ತೋರುವುದು ಇನ್ನೊಂದು ಷರತ್ತು: ಹೊಸ ಹಣ ಹಳೆಯ ವೆಚ್ಚಕ್ಕೆ ಸೇರ್ಪಡೆಯಾಗಬೇಕೇ ಹೊರತು ಅದರ ಜಾಗವನ್ನು ತುಂಬಬಾರದು. ಈ ಷರತ್ತಿಲ್ಲದ ಕಡೆ, ಒಂದು ಕೈಯಲ್ಲಿ ಬಂದ ಅನುದಾನ ಇನ್ನೊಂದು ಕೈಯಲ್ಲಿ ಸದ್ದಿಲ್ಲದೆ ಹೊರಟುಹೋಗುತ್ತದೆ.

ಕಲಾ ಶಿಕ್ಷಣದ ಬಗ್ಗೆ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ರೂಪುಗೊಂಡ ಯುನೆಸ್ಕೊದ 2010ರ ಸೋಲ್ ಕಾರ್ಯಸೂಚಿಯೂ ಶಿಕ್ಷಕರಿಗೆ ಮತ್ತು ಕಲಾವಿದರಿಗೆ ನಿರಂತರ ತರಬೇತಿ ದೊರೆಯಬೇಕೆಂದು ಹೇಳುತ್ತದೆ. ‘ನಿರಂತರ’ ಎಂಬ ಮಾತನ್ನು ನಿಮ್ಮ ಸಮಿತಿ ಅಕ್ಷರಶಃ ತೆಗೆದುಕೊಳ್ಳಲಿ. ಒಂದು ದಿನದ ಕಾರ್ಯಾಗಾರದ ಉತ್ಸಾಹ ಮುಂದಿನ ಪರೀಕ್ಷೆಯ ಹೊತ್ತಿಗೆ ಆರಿರುತ್ತದೆ. ನುರಿತ ಕಲಾವಿದರೊಬ್ಬರು ಇಡೀ ಅವಧಿ ಅದೇ ಶಿಕ್ಷಕರ ಜೊತೆಗೂಡಿ ಪಾಠ ಮಾಡಿ, ನಂತರ ಕುಳಿತು ಚರ್ಚಿಸುವಂತಾದರೆ ಕಲಿತದ್ದು ನಿಲ್ಲುತ್ತದೆ. ಶಿಕ್ಷಕರು ತರಬೇತಿಗೆ ಹೋದ ದಿನ ಅವರ ತರಗತಿಯನ್ನು ನೋಡಿಕೊಳ್ಳುವವರ ಸಂಭಾವನೆಯನ್ನೂ ಅಂದಾಜುಪಟ್ಟಿಯಲ್ಲೇ ಸೇರಿಸಿ. ಅದನ್ನು ಮರೆತರೆ ಮಂಜೂರಾದ ತರಬೇತಿಗೂ ಶಿಕ್ಷಕರನ್ನು ಕಳುಹಿಸಲಾಗುವುದಿಲ್ಲ.