ತುಮಕೂರಿನಲ್ಲಿ ಡಿಸೆಂಬರ್ ರಜೆಗೆ ಮಕ್ಕಳು, ಅಜ್ಜಿ ಎಲ್ಲರೂ ಸೇರಿ ಹೋಗುವಂಥ ಜಾಗ ಯಾವುದಿದೆ?

ನೀವು ತುಮಕೂರಿಗೆ ಬಂದು ಆರು ತಿಂಗಳಾಯಿತು ಎಂದಿದ್ದೀರಿ. ಮಕ್ಕಳಿಗೆ 5 ಮತ್ತು 10 ವರ್ಷ, ಅತ್ತೆಗೆ ಮಂಡಿನೋವು. ಕ್ರಿಸ್‌ಮಸ್‌ನಿಂದ ಸಂಕ್ರಾಂತಿವರೆಗಿನ ರಜೆ, ಭಾನುವಾರಗಳಿಗೆ ಪ್ರತಿ ಸಲ ಬೆಂಗಳೂರಿನ ಮಾಲ್‌ಗೇ ಓಡಬೇಕಾ ಎಂದು ಕೇಳಿದ್ದೀರಿ. ಏನೂ ಬೇಕಿಲ್ಲ. ನಾನು ಇಲ್ಲೇ ಹುಟ್ಟಿ ಬೆಳೆದವಳು, ನಮ್ಮ ಮನೆಯಲ್ಲೂ ಮಂಡಿನೋವಿನ ಅತ್ತೆ ಇದ್ದಾರೆ, ಹಾಗಾಗಿ ನಿಮ್ಮ ಕಷ್ಟ ಗೊತ್ತು.

ಮೊದಲು ಒಂದು ಮಾತು. ಒಂದು ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ಒಂದು ಸಲ ಜನವರಿ 1ರಂದು ದೇವರಾಯನದುರ್ಗ, ನಾಮದ ಚಿಲುಮೆ, ಗೊರವನಹಳ್ಳಿ ಮೂರನ್ನೂ ಮುಗಿಸಿಬಿಡೋಣ ಅಂತ ಹೊರಟಿದ್ದೆವು. ಬೆಟ್ಟದ ತಿರುವಿನಲ್ಲೇ ಚಿಕ್ಕವನಿಗೆ ವಾಂತಿ. ಮೇಲೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಕೊನೆಗೆ ನಿಲ್ಲಿಸಿ ಬಾಗಿಲು ತೆಗೆದ ಕೂಡಲೇ ಕೋತಿಯೊಂದು ಚಿತ್ರಾನ್ನದ ಡಬ್ಬಿ ಎತ್ತಿಕೊಂಡು ಹೋಯಿತು. ಗೊರವನಹಳ್ಳಿ ಲಕ್ಷ್ಮಿಗೆ ಕಾರಿನಿಂದಲೇ ಕೈ ಮುಗಿದು ವಾಪಸ್ ಬಂದೆವು.

ನಿಮ್ಮ ಮನೆಗೆ ಎಲ್ಲಕ್ಕಿಂತ ಹೊಂದುವುದು ಮಂದಾರಗಿರಿ. ಊರಿನಿಂದ ಸುಮಾರು 10 ಕಿ.ಮೀ., ಪಂಡಿತನಹಳ್ಳಿ ಹತ್ತಿರ. ನಮ್ಮ ಕಡೆ ಬಸದಿ ಬೆಟ್ಟ ಅಂತಲೂ ಕರೆಯುತ್ತಾರೆ. ಬಂಡೆಯಲ್ಲೇ ಕಡಿದ 400ಕ್ಕೂ ಜಾಸ್ತಿ ಮೆಟ್ಟಿಲಿವೆ, ಮೇಲೆ ಹಳೆಯ ಜೈನ ಬಸದಿಗಳಿವೆ. ಹತ್ತು ವರ್ಷದ ಮಗುವಿಗೆ ಅದು ಆಟ, ಐದು ವರ್ಷದ್ದು ಅರ್ಧ ದಾರಿಯಲ್ಲಿ ಎತ್ತಿಕೋ ಎನ್ನುತ್ತದೆ, ಅದಕ್ಕೆ ತಯಾರಾಗಿರಿ. ತುದಿಯಿಂದ ಹಿಂದುಗಡೆ ಮೈದಾಳ ಕೆರೆ ಕಾಣುತ್ತದೆ. ಈ ಬೆಟ್ಟ ನನಗೆ ಇಷ್ಟವಾಗಲು ಕಾರಣ ಅದರ ಬುಡ. ಅಲ್ಲಿ ಜೈನ ಮುನಿಗಳು ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದಲ್ಲೇ ಕಟ್ಟಿದ 81 ಅಡಿಯ ಮಂದಿರವಿದೆ, ಪಕ್ಕದಲ್ಲಿ ದೊಡ್ಡ ವಿಗ್ರಹ. ಅತ್ತೆ ಅದನ್ನೆಲ್ಲ ನೋಡಿಕೊಂಡು ಕೆಳಗೇ ನೆರಳಲ್ಲಿ ಕೂರಬಹುದು. ನಮ್ಮತ್ತೆ ಹಾಗೆ ಕೂತು, ನಾವು ಇಳಿಯುವಷ್ಟರಲ್ಲಿ ಯಾರದೋ ಮಗಳ ಮದುವೆ ಮಾತುಕತೆವರೆಗೂ ಹೋಗಿದ್ದರು. ಬಿಸಿಲೇರುವ ಮೊದಲು ಹತ್ತಿ. ಬಂಡೆ ಕಾದರೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ.

ದೇವರಾಯನದುರ್ಗವನ್ನು ಬಿಡಿ ಎನ್ನುತ್ತಿಲ್ಲ. ಭಾನುವಾರ, ಹೊಸ ವರ್ಷ ಎರಡೂ ಬೇಡ. ರಜೆಯ ಯಾವುದಾದರೂ ಮಂಗಳವಾರವೋ ಬುಧವಾರವೋ ಹೋಗಿ. ಬುಡದಲ್ಲಿ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಅತ್ತೆಗೆ ಕೆಳಗಿನ ದೇವರೇ ಸಾಕು. ಧನುರ್ಮಾಸ ಬೇರೆ. ಈ ತಿಂಗಳಲ್ಲಿ ದೇವಸ್ಥಾನಗಳಲ್ಲಿ ಬೆಳಗಿನ ಜಾವವೇ ಪೂಜೆ. ಆ ಚಳಿಯಲ್ಲಿ ಕೈಗೆ ಬಿಸಿ ಹುಗ್ಗಿ ಪ್ರಸಾದ ಬಿದ್ದರೆ ಮಕ್ಕಳೂ ಎದ್ದು ಬಂದದ್ದಕ್ಕೆ ಗೊಣಗುವುದಿಲ್ಲ. ನಾಮದ ಚಿಲುಮೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ವನವಾಸದಲ್ಲಿ ರಾಮನಿಗೆ ನಾಮ ಕಲಸಿಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟ, ಅಲ್ಲಿಂದ ನೀರು ಚಿಮ್ಮಿತು ಅನ್ನುವುದು ಕಥೆ. ಚಿಲುಮೆ ಅಂದಕೂಡಲೇ ಮಕ್ಕಳು ಕಾರಂಜಿ ಕಲ್ಪಿಸಿಕೊಳ್ಳುತ್ತಾರೆ. ಇರುವುದು ಬಂಡೆಯಲ್ಲಿ ಒಂದು ಸಣ್ಣ ಗುಳಿ. ಮೊದಲೇ ಹೇಳಿಡಿ, ಇಲ್ಲದಿದ್ದರೆ 'ಇಷ್ಟೇನಾ?' ಅಂತ ಮುಖ ಸಪ್ಪೆ ಮಾಡುತ್ತಾರೆ. ಅಲ್ಲೇ ಇರುವ ಜಿಂಕೆವನ ಆ ಬೇಜಾರನ್ನು ಮರೆಸುತ್ತದೆ.

ಅರ್ಧ ದಿನವಷ್ಟೇ ಇದ್ದರೆ ಕೈದಾಳ. ಗೂಳೂರಿನ ಹತ್ತಿರ. ಹೊಯ್ಸಳರ ಕಾಲದ ಚೆನ್ನಕೇಶವ ದೇವಸ್ಥಾನ, ಜನವೇ ಇರುವುದಿಲ್ಲ. ಜಕಣಾಚಾರಿಯ ಊರು ಇದೇ ಎನ್ನುತ್ತಾರೆ. ಬೇಲೂರಿನಲ್ಲಿ ಅವನು ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದನಂತೆ. ಮೈತುಂಬ ಗಂಧ ಬಳಿದು ನೋಡಿದರೆ ಹೊಕ್ಕಳ ಹತ್ತಿರ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟಾಗ ಕಪ್ಪೆ ಹೊರಗೆ ಹಾರಿತು. ದೋಷವಿದ್ದರೆ ಕೈ ಕಡಿದುಕೊಳ್ಳುತ್ತೇನೆ ಅಂದಿದ್ದ ಜಕಣಾಚಾರಿ ಮಾತಿಗೆ ಕಟ್ಟುಬಿದ್ದು ಕೈ ಕಡಿದುಕೊಂಡ, ಆ ಹುಡುಗ ತನ್ನ ಮಗನೇ ಅಂತ ಆಮೇಲೆ ಗೊತ್ತಾಯಿತು, ಊರಿಗೆ ಬಂದು ಈ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬಂತು. ಅದಕ್ಕೇ ಕೈದಾಳ ಅಂತೆ. ಈ ಕಥೆಯನ್ನು ಕಾರಿನಲ್ಲೇ ಹೇಳಿ ಮುಗಿಸಬೇಡಿ, ವಿಗ್ರಹದ ಮುಂದೆ ನಿಂತು ಹೇಳಿ. ನಮ್ಮ ಮಗಳು ಕೇಶವನ ಹೊಕ್ಕಳು ನೋಡಿ ಅರ್ಚಕರನ್ನೇ ಪ್ರಶ್ನೆ ಮಾಡಿದ್ದಳು.

ಗೂಳೂರಿನ ಮಹಾಗಣಪತಿ ಮಾತ್ರ ಈ ಸಲ ನಿಮಗೆ ತಪ್ಪಿತು. ಗಣೇಶ ಚೌತಿಗೆ ಆ ದೊಡ್ಡ ಮಣ್ಣಿನ ಮೂರ್ತಿ ಮಾಡಲು ಶುರು ಮಾಡುತ್ತಾರೆ, ದೀಪಾವಳಿಗೆ ಪೂಜೆಗೆ ಇಡುತ್ತಾರೆ, ಕಾರ್ತಿಕ ಕಳೆದ ಮೇಲೆ ಕೆರೆಗೆ ಬಿಡುತ್ತಾರೆ. ಮುಂದಿನ ವರ್ಷಕ್ಕೆ ನೆನಪಿಟ್ಟುಕೊಳ್ಳಿ.

ಸಿದ್ಧಗಂಗಾ ಮಠಕ್ಕೆ ಹೇಗೂ ಹೋಗಿರುತ್ತೀರಿ. ಆದರೆ ಸಂಜೆ ಹೋಗಿದ್ದೀರಾ? ಸಾವಿರಾರು ಹುಡುಗರು ಸಾಲಾಗಿ ಕೂತು ಪ್ರಾರ್ಥನೆ ಮಾಡುವುದನ್ನು ನಿಮ್ಮ ಮಕ್ಕಳಿಗೆ ಒಮ್ಮೆ ತೋರಿಸಿ. ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಬೆಣ್ಣೆ ಹಾಕಿಸಿಕೊಂಡು. ಶಿವರಾತ್ರಿ ಹೊತ್ತಿಗೆ ಮಠದ ಜಾತ್ರೆ ಬರುತ್ತದೆ, ದನದ ಜಾತ್ರೆ, ವಸ್ತುಪ್ರದರ್ಶನ ಎಲ್ಲ ಇರುತ್ತದೆ. ರಜೆಯಲ್ಲದಿದ್ದರೂ ಆ ದಿನ ಶಾಲೆಗೆ ಚಕ್ಕರ್ ಹಾಕಿಸಿದರೆ ತಪ್ಪೇನಿಲ್ಲ ಬಿಡಿ.

ಊರೊಳಗೆ ಅಂದರೆ ಅಮಾನಿಕೆರೆ. ಸಂಜೆ ಸುಮ್ನೆ ಒಂದು ಸುತ್ತು. ಮೇಳ, ಪ್ರದರ್ಶನ ಏನೇ ಬಂದರೂ ಸಾಮಾನ್ಯವಾಗಿ ಗಾಜಿನಮನೆ ಅಥವಾ ಜೂನಿಯರ್ ಕಾಲೇಜು ಮೈದಾನದಲ್ಲಿ. ಪ್ರಜಾಪ್ರಗತಿ ಪೇಪರ್ ತರಿಸಿದರೆ ಇಂಥದ್ದೆಲ್ಲ ಗೊತ್ತಾಗುತ್ತದೆ. ಅವರೆಕಾಯಿ ಕಾಲ ಇದು. ಒಂದು ಬೆಳಿಗ್ಗೆ ಅಂತರಸನಹಳ್ಳಿ ಮಾರುಕಟ್ಟೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಸೊಗಡಿನ ಕಾಯಿ ಚೀಲದಲ್ಲಿ ತನ್ನಿ. ಸುಲಿಯಲು, ಹಿತುಕಲು ಅಜ್ಜಿಯೇ ಮೇಷ್ಟ್ರು. ಮಧ್ಯಾಹ್ನದವರೆಗೂ ಮೊಬೈಲ್ ನೆನಪಾಗುವುದಿಲ್ಲ.

ಸಂಕ್ರಾಂತಿಗೆ ಶಿವಗಂಗೆಯಲ್ಲಿ ಗಿರಿಜಾ ಕಲ್ಯಾಣ ನಡೆಯುತ್ತದೆ. ವಿಪರೀತ ಜನ. ಮಂಡಿನೋವು, ಚಿಕ್ಕ ಮಗು ಎರಡೂ ಇದ್ದಾಗ ಆ ದಿನ ನಾನಂತೂ ಹೋಗುವುದಿಲ್ಲ.

ಜನವರಿ ಕೊನೆ, ಫೆಬ್ರವರಿಯಲ್ಲಿ ಒಂದು ಭಾನುವಾರ ಉಳಿದರೆ ಶಿರಾ ಹತ್ತಿರದ ಕಗ್ಗಲಡು ನೋಡಿ. ಬಣ್ಣದ ಕೊಕ್ಕರೆಗಳು ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ. ಹತ್ತಬೇಕಿಲ್ಲ, ಜಾಸ್ತಿ ನಡೆಯಬೇಕಿಲ್ಲ, ಅತ್ತೆಯೂ ಆರಾಮಾಗಿ ನೋಡಬಹುದು. ಫೋಟೋ ತೆಗೆಯುವ ಉತ್ಸಾಹದಲ್ಲಿ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ನನ್ನ ಗಂಡನ ಒಂದು ಬಿಳಿ ಶರ್ಟು ಅಲ್ಲೇ ಮುಗಿಯಿತು.