5 ಪೌಂಡಿನ ಬಯಲು, 11 ನಿಮಿಷದ ನಗು

ಪ್ರಶ್ನೆ: ನೀವು ಹಿಂದೊಮ್ಮೆ ಬಾಯ್ತುಂಬ ಹೊಗಳಿದ್ದ ಬ್ರಿಟಿಷ್ ಕಿರುಚಿತ್ರ ‘ದಿ ರನ್ನಿಂಗ್ ಜಂಪಿಂಗ್ ಅಂಡ್ ಸ್ಟ್ಯಾಂಡಿಂಗ್ ಸ್ಟಿಲ್ ಫಿಲ್ಮ್’ ನೋಡಿದೆ. ಕಥೆಯಿಲ್ಲ, ಮಾತಿಲ್ಲ. ಒಂದಷ್ಟು ಜನ ಬಯಲಿನಲ್ಲಿ ಮತಿಗೆಟ್ಟವರಂತೆ ಓಡಾಡುತ್ತಾರೆ, ಅಷ್ಟೇ. ಇದರಲ್ಲಿ ಮೆಚ್ಚುವಂಥದ್ದು ಏನಿದೆ?

ಉತ್ತರ: ಆ ಬಯಲೇ ಇದೆಯಲ್ಲ! 1959ರಲ್ಲಿ ನಿರ್ದೇಶಕ ರಿಚರ್ಡ್ ಲೆಸ್ಟರ್ ಮತ್ತು ಹಾಸ್ಯನಟ ಪೀಟರ್ ಸೆಲರ್ಸ್ ಗೆಳೆಯರನ್ನು ಕಟ್ಟಿಕೊಂಡು ಎರಡು ಭಾನುವಾರಗಳಲ್ಲಿ ಚಿತ್ರೀಕರಿಸಿದ ಸಿನಿಮಾ ಇದು. ಒಟ್ಟು ಖರ್ಚು ಸುಮಾರು 70 ಪೌಂಡ್. ಅದರಲ್ಲಿ 5 ಪೌಂಡ್ ಬಯಲಿನ ಬಾಡಿಗೆಗೆ ಹೋಯಿತು. ಸಿನಿಮಾದ ಚರಿತ್ರೆಯಲ್ಲಿ ಇಷ್ಟು ಸಾರ್ಥಕವಾಗಿ ಖರ್ಚಾದ ಇನ್ನೊಂದು 5 ಪೌಂಡ್ ನನಗೆ ಗೊತ್ತಿಲ್ಲ.

ಒಂದು ಪ್ರಸಂಗವನ್ನು ಮತ್ತೆ ನೋಡಿ. ದೂರದಲ್ಲಿರುವವನನ್ನು ಒಬ್ಬಾತ ಬೆರಳು ಮಡಿಸಿ ‘ಬಾ’ ಎಂದು ಕರೆಯುತ್ತಾನೆ. ಅವನು ಓಡಿ ಬರುತ್ತಾನೆ. ಬರುತ್ತಲೇ ಇರುತ್ತಾನೆ. ಹುಲ್ಲಿನ ಮೇಲೆ ಚುಕ್ಕಿಯಷ್ಟಿದ್ದವನು ಹತ್ತಿರವಾದಂತೆಲ್ಲ ನಮಗೆ ಕುತೂಹಲ ಏರುತ್ತದೆ: ಏನೋ ಮುಖ್ಯವಾದ ವಿಷಯವಿರಬೇಕು, ಇಲ್ಲದಿದ್ದರೆ ಇಷ್ಟು ದೂರ ಓಡಿಸುತ್ತಾರೆಯೇ? ಕೊನೆಗೂ ಎದುರಿಗೆ ಬಂದು ನಿಂತವನ ಮುಖಕ್ಕೆ ಬಾಕ್ಸಿಂಗ್ ಕೈಗವಸಿನಿಂದ ಒಂದು ಗುದ್ದು. ಗುದ್ದು ನಗಿಸುವುದಿಲ್ಲ, ಅಂಥ ಗುದ್ದುಗಳನ್ನು ನಾವು ಸಾವಿರ ಕಂಡಿದ್ದೇವೆ. ನಗಿಸುವುದು ಅಷ್ಟುದ್ದದ ಆ ಓಟ. ಇದನ್ನೇ ಸ್ಟುಡಿಯೋ ಕೋಣೆಯೊಳಗೆ ಚಿತ್ರೀಕರಿಸಿದ್ದರೆ ನಾಲ್ಕು ಹೆಜ್ಜೆಗೆ ಮುಗಿದು ಬರೀ ಹೊಡೆದಾಟವಾಗುತ್ತಿತ್ತು.

ಈಗ ಉಳಿದವನ್ನೂ ಇದೇ ಕಣ್ಣಿನಿಂದ ನೋಡಿ. ಹೆಂಗಸೊಬ್ಬಳು ಮೊಣಕಾಲೂರಿ, ಬ್ರಷ್ ಹಿಡಿದು ಹುಲ್ಲನ್ನು ಉಜ್ಜಿ ತೊಳೆಯುತ್ತಿದ್ದಾಳೆ. ಅಡುಗೆಮನೆಯ ನೆಲವನ್ನು ತೊಳೆಯುವ ಅದೇ ಶ್ರದ್ಧೆ. ಆದರೆ ಕಣ್ಣು ಹಾಯುವಷ್ಟೂ ದೂರ ಹುಲ್ಲೇ! ಪಿಟೀಲು ನುಡಿಸುವವನು ಎಲ್ಲೋ ದೂರವಿರುವ ಸ್ವರಲಿಪಿಯನ್ನು ದೂರದರ್ಶಕದಿಂದ ಓದುತ್ತಾನೆ. ಮತ್ತೊಬ್ಬ ಮರದ ಬೊಡ್ಡೆಯ ಮೇಲೆ ಗ್ರಾಮಫೋನ್ ತಟ್ಟೆಯನ್ನಿಟ್ಟು, ಮುಳ್ಳನ್ನು ಅದಕ್ಕೆ ತಾಗಿಸಿಕೊಂಡು ತಾನೇ ಬೊಡ್ಡೆಯ ಸುತ್ತ ಓಡುತ್ತಾನೆ. ತಟ್ಟೆ ತಿರುಗದಿದ್ದರೇನಂತೆ, ನಾನು ತಿರುಗುತ್ತೇನೆ ಎನ್ನುವ ಹಟ ಅವನದು. ಇವರಲ್ಲಿ ಒಬ್ಬನೂ ಹಲ್ಲು ಕಿರಿಯುವುದಿಲ್ಲ, ಕ್ಯಾಮೆರಾದತ್ತ ಕಣ್ಣು ಹೊಡೆಯುವುದಿಲ್ಲ. ಆ ಗಾಂಭೀರ್ಯವೇ ನನಗೆ ಅತ್ಯಂತ ಪ್ರಿಯ. ಅಸಂಬದ್ಧವಾದ ಕೆಲಸವನ್ನು ಕರ್ತವ್ಯವೆಂದು ಮಾಡುವವರನ್ನು ಬ್ರಿಟಿಷ್ ಹಾಸ್ಯ ತುಂಬ ಪ್ರೀತಿಯಿಂದ ನೋಡುತ್ತದೆ, ಇಲ್ಲಂತೂ ಎಲ್ಲರೂ ಅಂಥವರೇ.

ಎಲ್ಲ ಪ್ರಸಂಗಗಳೂ ಒಂದೇ ತೂಕದವಲ್ಲ, ಒಪ್ಪುತ್ತೇನೆ. ನಡುವೆ ಒಂದೆರಡು ಸಪ್ಪೆಯಾಗಿವೆ. ಆದರೆ 11 ನಿಮಿಷದ ಚಿತ್ರದಲ್ಲಿ ಸಪ್ಪೆಯಾದದ್ದು ಕಾಡುವ ಮೊದಲೇ ಮುಂದಿನದು ಬಂದಿರುತ್ತದೆ. ಬಳಸಿದ್ದು ಸೆಲರ್ಸ್ ಅವರ ಸ್ವಂತ 16 ಎಂಎಂ ಬೊಲೆಕ್ಸ್ ಕ್ಯಾಮೆರಾ. ಕೀಲಿ ಕೊಟ್ಟು ಓಡಿಸುವ ಆ ಯಂತ್ರ ಒಮ್ಮೆ ಪೂರ್ತಿ ಕೀಲಿ ಕೊಟ್ಟರೆ ಸುಮಾರು ಅರ್ಧ ನಿಮಿಷವಷ್ಟೇ ಓಡುತ್ತದೆ. ಅದರಲ್ಲಿ ದೃಶ್ಯವನ್ನು ಎಳೆಯಲು ಆಸ್ಪದವೇ ಇಲ್ಲ. ಹಣವಿದ್ದೂ ಈ ಬಿಗಿ ಕೈಗೂಡದ ಹಾಸ್ಯಚಿತ್ರಗಳನ್ನು ನೋಡಿ ಸಂಕಟಪಟ್ಟಿದ್ದೇನೆ.

ಪ್ರಶ್ನೆ: ಸೆಲರ್ಸ್ ಮತ್ತು ಸ್ಪೈಕ್ ಮಿಲಿಗನ್ ರೇಡಿಯೋದಲ್ಲಿ ಮಾತಿನ ಮಲ್ಲರಲ್ಲವೇ? ಇಲ್ಲಿ ಅವರೇಕೆ ಬಾಯಿ ಬಿಡುವುದಿಲ್ಲ?

ಉತ್ತರ: ಅವರಿಬ್ಬರೂ ಇದ್ದ ಬಿಬಿಸಿಯ ರೇಡಿಯೋ ಹಾಸ್ಯ ಕಾರ್ಯಕ್ರಮ ‘ದಿ ಗೂನ್ ಶೋ’ 1951ರಿಂದ 1960ರವರೆಗೆ ನಡೆಯಿತು. ಅಲ್ಲಿ ಕಣ್ಣಿಗೆ ಏನೂ ಕಾಣದಿರುವುದೇ ಬಂಡವಾಳ. ಒಂದು ಸದ್ದು, ಒಂದು ವಿಚಿತ್ರ ಧ್ವನಿ ಸಾಕು, ಕೇಳುಗರ ತಲೆಯಲ್ಲಿ ಲೋಕವೇ ತಲೆಕೆಳಗಾಗುತ್ತಿತ್ತು. ಈ ಚಿತ್ರ ಅದರ ತದ್ವಿರುದ್ಧ ದಾರಿ ಹಿಡಿಯಿತು. ಮಾತನ್ನು ತೆಗೆದು ಲೆಸ್ಟರ್ ಅವರೇ ರಚಿಸಿದ ಸಂಗೀತವನ್ನಿಟ್ಟರು. ಬಯಲಿನಲ್ಲಿ ಸಂಭಾಷಣೆ ಮುದ್ರಿಸುವುದು ದುಬಾರಿ ಬಾಬತ್ತು, ನಿಜ. ಆದರೆ ತಮಗೆ ಚೆನ್ನಾಗಿ ಬರುವ ವಿದ್ಯೆಯನ್ನೇ ಪಕ್ಕಕ್ಕಿಟ್ಟು ನಗಿಸಲು ಹೊರಟ ಅವರ ಧೈರ್ಯವನ್ನು ನಾನು ಬಹಳ ಮೆಚ್ಚುತ್ತೇನೆ.

ಪ್ರಶ್ನೆ: ಇಷ್ಟು ಚಿಕ್ಕ ಚಿತ್ರವನ್ನು ಆಗ ಯಾರಾದರೂ ಗಮನಿಸಿದರೇ?

ಉತ್ತರ: ಗಮನಿಸಿದರು. ಕಿರುಚಿತ್ರ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಬೀಟಲ್ಸ್ ಸಂಗೀತ ತಂಡದವರಿಗೂ ಇದು ಅಚ್ಚುಮೆಚ್ಚು. ಅವರ ಮೊದಲ ಚಿತ್ರ ‘ಎ ಹಾರ್ಡ್ ಡೇಸ್ ನೈಟ್’ (1964) ಲೆಸ್ಟರ್ ಕೈಗೆ ಬಂದದ್ದು ಈ ಮೆಚ್ಚುಗೆಯಿಂದಲೇ. ಅದರಲ್ಲಿ ನಾಲ್ವರೂ ಬಯಲಿಗಿಳಿದು ಕುಣಿದು ಕುಪ್ಪಳಿಸುವ ಭಾಗ ನೋಡಿ, ಹಳೆಯ ನಂಟು ಕಾಣುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ನೋಡಿದರೆ ಸಾಕೇ?

ಉತ್ತರ: ದಯವಿಟ್ಟು ಬೇಡ. ಚಿಕ್ಕ ಪರದೆಯಲ್ಲಿ ದೂರದ ಮನುಷ್ಯ ಮಾಯವಾಗುತ್ತಾನೆ, ಅವನೊಂದಿಗೆ ಅರ್ಧ ಹಾಸ್ಯವೂ ಹೋಗುತ್ತದೆ. ಸಿಕ್ಕಷ್ಟು ದೊಡ್ಡ ಪರದೆಯಲ್ಲಿ, ಸಂಗೀತ ಚೆನ್ನಾಗಿ ಕೇಳುವಂತೆ ನೋಡಿ. ಸಾಧ್ಯವಾದರೆ ಜೊತೆಗೆ ಇನ್ನೊಬ್ಬರನ್ನು ಕೂರಿಸಿಕೊಳ್ಳಿ, ಆದರೆ ಮುಂದೇನಾಗುತ್ತದೆ ಎಂದು ಅವರಿಗೆ ಹೇಳಬೇಡಿ.