ಬೆಳ್ಳಿ ಲೋಟಕ್ಕೆ ಪಾಲಿಶ್ ಹಾಕಿಸಿದ ತಮ್ಮ, ಮಾತು ಬಿಟ್ಟ ಅಕ್ಕ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಜಗಳ ಬಗೆಹರಿಸಿಕೊಳ್ಳಲು ನನ್ನ ಹತ್ತಿರ ಬಂದ ಅಕ್ಕ-ತಮ್ಮ ಇಬ್ಬರೂ ಐವತ್ತು ದಾಟಿದವರು. ಮುತ್ತಜ್ಜನ ಕಾಲದ ನಾಲ್ಕು ಬೆಳ್ಳಿ ಲೋಟಗಳು ಅಮ್ಮನ ಹತ್ತಿರ ಇದ್ದವು. ಅಮ್ಮ ತೀರಿಕೊಂಡ ಮೇಲೆ, ಕಪ್ಪಾಗಿವೆ, ಹೊಳೆಯುವ ಹಾಗೆ ಮಾಡಿಸಿದರೆ ಅಕ್ಕನಿಗೆ ಖುಷಿಯಾದೀತು ಅಂತ ತಮ್ಮ ಅವನ್ನು ಮೆಷಿನ್ ಪಾಲಿಶ್‌ಗೆ ಕೊಟ್ಟರು. ವಾಪಸ್ ಬಂದಾಗ ಲೋಟದ ಮೇಲೆ ಕೆತ್ತಿದ್ದ ಮುತ್ತಜ್ಜನ ಹೆಸರು ಅರ್ಧ ಸವೆದಿತ್ತು. ಅಕ್ಕ ಮಾತು ಬಿಟ್ಟರು.

"ಬೆಳ್ಳಿ ಎಲ್ಲೂ ಹೋಗಿಲ್ವಲ್ಲ ಅಕ್ಕ" ಅಂದರು ತಮ್ಮ, ನನ್ನೆದುರೇ. ನಿಜ ಹೇಳಬೇಕೆಂದರೆ ಸ್ವಲ್ಪ ಹೋಗಿದೆ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿಯ ಮೇಲ್ಮೈ ಕಪ್ಪಾಗುತ್ತದೆ, ಆ ಕಪ್ಪಿನಲ್ಲೂ ಬೆಳ್ಳಿ ಇರುತ್ತದೆ, ಉಜ್ಜಿದಾಗಲೆಲ್ಲ ಅದೂ ಒಂದಿಷ್ಟು ಕಳಚುತ್ತದೆ. ಅಕ್ಕನಿಗೆ ಇದು ಗೊತ್ತಿತ್ತು. ಆದರೆ ಅವರ ಸಿಟ್ಟು ಬೆಳ್ಳಿಯದ್ದಲ್ಲ. ಹಾಸಿಗೆ ಹಿಡಿದ ಅಮ್ಮನನ್ನು ವರ್ಷಗಟ್ಟಲೆ ಒಬ್ಬರೇ ನೋಡಿಕೊಂಡಿದ್ದರು. ಆಗ ಏನನ್ನೂ ವಿಚಾರಿಸದ ತಮ್ಮ ಈಗಲೂ ಒಂದು ಮಾತು ಕೇಳಲಿಲ್ಲ ಅನ್ನುವುದೇ ಅವರ ನೋವು. ತಮ್ಮನಿಗಾದರೋ, ಅಮ್ಮನಿಗಾಗಿ ಏನೂ ಮಾಡಲಿಲ್ಲ ಅನ್ನುವ ಸಂಕಟ. ಪಾಲಿಶ್ ಮಾಡಿಸಿದ್ದೂ ಅದಕ್ಕೇ. ಹಳೇ ವಸ್ತುವಿನ ಜಗಳಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ: ಯಾರ ಯಾವ ಕಷ್ಟವನ್ನು ಯಾರೂ ಗಮನಿಸಿಲ್ಲ?

ತಮ್ಮನಿಗೆ ಹೇಳಿದೆ: "ಒಳ್ಳೇದಕ್ಕೇ ಮಾಡಿದ್ದು" ಅನ್ನುವ ವಿವರಣೆ ಸದ್ಯಕ್ಕೆ ಬೇಡ, ಕೇಳದೆ ಮಾಡಿದ್ದು ತಪ್ಪಾಯಿತು ಅಂತಷ್ಟೇ ಹೇಳಿ. ಅಕ್ಕನಿಗೆ ಹೇಳಿದೆ: ಆ ವರ್ಷಗಳು ಹೇಗಿದ್ದವು ಅಂತ ತಮ್ಮನಿಗೆ ನೇರವಾಗಿ ಹೇಳಿ, ಲೋಟದ ಮೇಲೆ ಹಾಕಿ ಹೇಳಬೇಡಿ. ಅಕ್ಕ ಎಲ್ಲ ಹೇಳಿಕೊಂಡರು, ಜಾಸ್ತಿ ಹೊತ್ತೇ ಹಿಡಿಯಿತು. ತಮ್ಮ ನಡುವೆ ಬಾಯಿ ಹಾಕಲಿಲ್ಲ.

ಲೋಟದ ವಿಷಯಕ್ಕೂ ಸಲಹೆ ಕೊಟ್ಟೆ. ಹೆಸರನ್ನು ಮತ್ತೆ ಕೆತ್ತಿಸಬೇಡಿ, ಸವೆದ ಗೋಡೆ ಇನ್ನೂ ತೆಳುವಾಗುತ್ತದೆ. ಸೌಮ್ಯ ಸೋಪು, ನೀರಿನಲ್ಲಿ ತೊಳೆದು ತಕ್ಷಣ ಒರೆಸಿದರೆ ಸಾಕು. ರಬ್ಬರ್ ಬ್ಯಾಂಡ್ ಹಾಕಿಡಬೇಡಿ, ಅದರಲ್ಲೂ ಗಂಧಕ ಇರುತ್ತದೆ. ಹಂಚಿಕೊಳ್ಳುವ ಮೊದಲು ಹಳೇ ಬೆಳ್ಳಿ ಬಲ್ಲವರಿಗೆ ತೋರಿಸಿ, ಸುಮ್ನೆ ತೂಕಕ್ಕೆ ಹಾಕಬೇಡಿ. ತಳದಲ್ಲಿ 925 ಅಂತ ಇದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಅಂತ ಅರ್ಥ, ಆದರೆ ಹಳೇ ಲೋಟದ ಬೆಲೆ ಬರೀ ಅದರಿಂದ ತಿಳಿಯುವುದಿಲ್ಲ. ಸೆಟ್ ಒಡೆದರೆ ಬೆಲೆ ಇಳಿಯುವುದೂ ಉಂಟು. ಯಾರು ಯಾವ ಲೋಟದಲ್ಲಿ ಕುಡಿಯುತ್ತಿದ್ದರು ಅನ್ನುವುದನ್ನು ನೆನಪಿರುವಾಗಲೇ ಬರೆದಿಡಿ.

ಸದ್ಯಕ್ಕೆ ನಾಲ್ಕೂ ಅಕ್ಕನ ಮನೆಯಲ್ಲಿವೆ. ಪಾಲಿನ ಮಾತನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.